ಒಂಬತ್ತು ಸಾಲು, ಒಂದು ಬೊಟ್ಟು ಹುರಮಂಜು

ಹೊಸ್ತಿಲಿಗೆ ಬಳಿಯಲು ಹುರಮಂಜು ಕಲಸುವಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಒಣಗಿದ ಕೆಂಪು ಪುಡಿಗೆ ನೀರು ಬಿದ್ದ ಕೂಡಲೇ ಮೊದಲು ಮಣ್ಣಿನ ವಾಸನೆ, ಆಮೇಲೆ ತುಸು ತುಕ್ಕಿನದು, ಕೊನೆಗೆ ಹೆಸರಿಲ್ಲದ ಒಂದು ಒಗರು. ದೀಪಾವಳಿಗೆ ನಾಲ್ಕು ದಿನ ಇತ್ತು. ಯಾದಗಿರಿಯ ನಮ್ಮ ಮನೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಹೆಂಡತಿ ಹೊಸ್ತಿಲು ಬಳಿಯುತ್ತಿದ್ದಳು. ಒಳಗಿದ್ದ ನಾನು ಹೊರಗೆ ಹೋಗುವಂತಿಲ್ಲ, ಹೊರಗಿನಿಂದ ಬಂದ ಅಣ್ಣನ ಮಗಳು ಒಳಗೆ ಬರುವಂತಿಲ್ಲ. ಹೀಗೆ ಒಂದು ಹಸಿ ಗೆರೆಯ ಆಚೆ ಈಚೆ ನಿಂತುಕೊಂಡಿರುವಾಗ ಅವಳು ಕೇಳಿದಳು:

"ಕಾಕಾ, ಕಂಪ್ಯೂಟರ್ ವೈರಸ್ ಯಾವ್ಯಾವ ಭಾಷಾದಾಗ ಬರೀತಾರಂತ ಅಸೈನ್‌ಮೆಂಟ್ ಕೊಟ್ಟಾರ. ನೀ ಹೇಳು, ನಾ ಬರಕೋತೀನಿ."

ನಾನು ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಪಾಠ ಹೇಳುವವನಿಗೆ ಮನೆಬಾಗಿಲಿಗೇ ಪ್ರಶ್ನೆ ಬಂದರೆ ಕೇಳಬೇಕೆ? ಗೆರೆಯ ಒಳಗಿನಿಂದಲೇ ಶುರುಮಾಡಿದೆ. ಮೊದಮೊದಲಿನವನ್ನು ಅಸೆಂಬ್ಲಿಯಲ್ಲಿ ಬರೆಯುತ್ತಿದ್ದರು, ಅದು ಯಂತ್ರದ ಕಿವಿಯಲ್ಲೇ ಪಿಸುಗುಟ್ಟುವಂಥ ಭಾಷೆ, ಒಂದಕ್ಷರ ತಪ್ಪಿದರೆ ಯಂತ್ರ ಮುನಿಸಿಕೊಂಡು ಕೂರುತ್ತದೆ. ಆಮೇಲೆ ಸಿ, ಸಿ ಪ್ಲಸ್ ಪ್ಲಸ್. ಆಮೇಲೆ ಪತ್ರ ಬರೆಯುವ ತಂತ್ರಾಂಶದೊಳಗೇ ಅಡಗಿ ಕೂರುವ ಮ್ಯಾಕ್ರೊ, ಇಮೇಲಿನ ಬೆನ್ನೇರಿ ಬರುವ ವಿಷುಯಲ್ ಬೇಸಿಕ್ ಸ್ಕ್ರಿಪ್ಟು. ಈಗ ಜಾವಾಸ್ಕ್ರಿಪ್ಟು, ಪೈಥಾನ್, ಇನ್ನೂ ಹೊಸ ಹೊಸ ಹೆಸರಿನವು. ಯಾವ ಭಾಷೆಯಲ್ಲಿ ಬ್ಯಾಂಕು ನಡೆಯುತ್ತದೋ ಅದೇ ಭಾಷೆಯಲ್ಲಿ ಬ್ಯಾಂಕಿಗೆ ಕನ್ನ ಹಾಕುವುದೂ ನಡೆಯುತ್ತದೆ. ಬೈಗುಳಕ್ಕೆ ಅಂತ ಬೇರೆ ಕನ್ನಡ ಇದೆಯೇನು?

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ನಿಲ್ಲಲಿಲ್ಲ.

"ನಾನೂ ಒಂದು ಬರ್ದಿದ್ನಿ. ಅಸೆಂಬ್ಲಿಯೊಳಗ."

"ಈ ವರ್ಷ ಇದೊಂದು ಬಾಕಿ ಇತ್ತು ನೋಡವ್ವ," ಎಂದಳು ಹೆಂಡತಿ, ತಲೆ ಎತ್ತದೆ.

"ಖರೇನ ಕಾಕಾ? ತೋರ್ಸು ಮತ್ತ."

ತೋರಿಸಲು ಇತ್ತು. ಹಳೆಯ ಟ್ರಂಕಿನಲ್ಲಿ ಪ್ರಿಂಟು ತೆಗೆದ ಕಾಗದವನ್ನು ಒಂದು ಫ್ಲಾಪಿಯ ಜೊತೆ ಜೋಪಾನ ಮಾಡಿ ಇಟ್ಟಿದ್ದೇನೆ ಎಂದು ನನಗೆ ಖಾತ್ರಿಯಿತ್ತು. ಹುಡುಕಿದೆ. ಸಿಕ್ಕಿತು. ಅಂಚಿಗೆ ಸಾಲು ತೂತುಗಳಿದ್ದ, ಹಳದಿ ಹಿಡಿದ ಹಾಳೆ. ಬಿಡಿಸಿ ನೋಡಿದರೆ ಅದರಲ್ಲಿ ಅಸೆಂಬ್ಲಿ ಇರಲಿಲ್ಲ. ಒಂಬತ್ತು ಸಾಲಿನ ಒಂದು ಬ್ಯಾಚ್ ಫೈಲು ಇತ್ತು. ಬ್ಯಾಚ್ ಫೈಲೆಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇದನ್ನು ನಕಲು ಮಾಡು, ಅದನ್ನು ತೋರಿಸು, ಮುಂದಕ್ಕೆ ಹೋಗು ಎಂದು ಕಂಪ್ಯೂಟರಿಗೆ ಬರೆದುಕೊಡುವ ಚೀಟಿ, ಅಷ್ಟೆ. ಸಂತೆಗೆ ಹೋಗುವವರ ಕೈಗೆ ಕೊಡುವ ಚೀಟಿಯ ಹಾಗೆ. ಅದನ್ನು ಭಾಷೆ ಎಂದರೆ ನಮ್ಮ ಕುಲದವರು ಮೂಗು ಮುರಿಯುತ್ತಾರೆ.

ಇಪ್ಪತ್ತು ಚಿಲ್ಲರೆ ವರ್ಷ ನಾನು ತರಗತಿಗಳಲ್ಲಿ, ಮದುವೆಯ ಪಂಕ್ತಿಗಳಲ್ಲಿ, ರೈಲಿನಲ್ಲಿ ಅಸೆಂಬ್ಲಿ ಅಸೆಂಬ್ಲಿ ಎಂದು ಹೇಳಿಕೊಂಡು ಬಂದಿದ್ದೆ. ಸುಳ್ಳು ಹೇಳುತ್ತಿದ್ದೇನೆಂದು ಅನ್ನಿಸಿರಲಿಲ್ಲ. ಬಹುಶಃ ಮೊದಲ ಸಲ ಹೇಳುವಾಗ ಅನ್ನಿಸಿರಬೇಕು. ಎಲ್ಲವನ್ನೂ ಸಂಶಯಿಸು ಎಂದು ಕಲಿತು ಬಂದವನು ನಾನು, ದೇವರನ್ನೂ ಜಾತಕವನ್ನೂ ಸಂಶಯಿಸಿದವನು; ನನ್ನ ಕತೆಯೊಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದೆ.

ಫ್ಲಾಪಿ ಕೈಗೆ ತೆಗೆದುಕೊಂಡೆ. ಅದರ ಬಿಳಿ ಚೀಟಿಯ ಮೂಲೆಯಲ್ಲಿ ಮಾಸಿದ ಕೆಂಪು ಬೊಟ್ಟು ಇತ್ತು. ಬಾಗಿಲಿನಿಂದ ಹುರಮಂಜಿನ ವಾಸನೆ ಒಳತನಕ ಬಂದಿತ್ತು. ಹಾಳೆಯಲ್ಲಿ ಏನಿತ್ತೆಂಬುದನ್ನು ನಾನು ಮರೆತಿದ್ದೆ ಎನ್ನಬಹುದು. ಬೊಟ್ಟನ್ನು ಮರೆತಿದ್ದೆ ಎಂದು ಹೇಳಲಾರೆ.

ಆಗ ನಮ್ಮ ಮನೆ ಶಹಾಪುರದಲ್ಲಿತ್ತು. ನಾನು ಎಂ.ಎಸ್ಸಿ. ಮೊದಲ ವರ್ಷ ಮುಗಿಸಿ ಬೇಸಿಗೆ ರಜೆಗೆ ಬಂದಿದ್ದೆ. ಮಲಗಿದ ಬುದ್ಧನ ಗುಡ್ಡ ಕಾಣುವ ಒಂದು ಮಾಳಿಗೆಯ ಮೇಲೆ ಮೊದಲು ಟೈಪಿಂಗ್ ಶಾಲೆಯಾಗಿದ್ದದ್ದು ಆಗಷ್ಟೇ ಕಂಪ್ಯೂಟರ್ ಕೇಂದ್ರವಾಗಿತ್ತು. ಅಲ್ಲಿ ಕಲಿಸುತ್ತಿದ್ದವಳು ನೀಲಮ್ಮ. ವನದುರ್ಗದ ಕುರಿಗಾರರ ಮನೆಯ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು, ಡಿಪ್ಲೊಮಾ ಓದಿದವಳು. ನಾನು ಬಿಸಿಲು ಕಳೆಯಲು ಅಲ್ಲಿಗೆ ಹೋಗುತ್ತಿದ್ದೆ. ಸಹಾಯ ಮಾಡಲು ಎಂದು ಹೇಳಿಕೊಳ್ಳುತ್ತಿದ್ದೆ.

ಆ ಕಾಲದ ಕಂಪ್ಯೂಟರ್ ಕೇಂದ್ರಗಳಲ್ಲಿ ಚಪ್ಪಲಿ ಹೊರಗೆ ಬಿಡಿಸುತ್ತಿದ್ದರು. ದೂಳಿನ ಜೊತೆ ವೈರಸ್ ಬರುತ್ತದೆಂದು ನಂಬಿದವರು ಓದಿದವರಲ್ಲೂ ಇದ್ದರು. ನೀಲಮ್ಮ ಹಾಗೆ ನಂಬಿದವಳಲ್ಲ. ಅವಳ ಪದ್ಧತಿಯೇ ಬೇರೆ. ಒಳಗೆ ಮೂರು ಕಂಪ್ಯೂಟರ್, ಹೊರಗಿನ ಪಡಸಾಲೆಯಲ್ಲಿ ಒಂದು ಮುದಿ ಕಂಪ್ಯೂಟರ್. ಯಾರೇ ಫ್ಲಾಪಿ ತಂದರೂ ಮೊದಲು ಹೊರಗಿನದಕ್ಕೆ. ಅಲ್ಲಿ ತಪಾಸಣೆಯಾಗಬೇಕು, ಆಮೇಲೆ ಎರಡು ದಿನ ಕಿಟಕಿಯ ಗೂಡಿನಲ್ಲಿ ಇರಬೇಕು, ಮತ್ತೆ ತಪಾಸಣೆ. ಎರಡರಲ್ಲೂ ಪಾಸಾದರೆ ಕಿಟಕಿಯಲ್ಲಿಟ್ಟಿದ್ದ ತೆಂಗಿನ ಕರಟದ ಹುರಮಂಜಿನಲ್ಲಿ ಉಂಗುರ ಬೆರಳು ಅದ್ದಿ ಚೀಟಿಯ ಮೂಲೆಗೆ ಒಂದು ಬೊಟ್ಟು. ಬೊಟ್ಟಿದ್ದರೆ ಒಳಗೆ ಪ್ರವೇಶ. ಇಲ್ಲದಿದ್ದರೆ ತಹಶೀಲ್ದಾರರ ಫ್ಲಾಪಿಯಾದರೂ ಹೊರಗೆ.

ನಾನು ನಕ್ಕಿದ್ದೆ.

"ನಗ್ರಿ ಯುನಿವರ್ಸಿಟಿ, ನಗ್ರಿ," ಎಂದಿದ್ದಳು. ನನ್ನ ಹೆಸರನ್ನು ಅವಳು ಕರೆದದ್ದೇ ಇಲ್ಲ, ಯುನಿವರ್ಸಿಟಿ ಎಂದೇ ಕರೆಯುತ್ತಿದ್ದಳು. "ಸಂತ್ಯಾಗಿಂದ ಹೊಸಾ ಟಗರ ತಂದ್ರ ಹದಿನೈದು ದಿನ ಹಟ್ಟಿ ಹೊರಗ ಕಟ್ತೀವಿ. ಮೇಯ್ತದೋ ಇಲ್ಲೋ, ಮೂಗು ಸೋರ್ತದೇನು, ನೋಡ್ತೀವಿ. ಪಾಸಾದ್ರ ಮನಿ ಮಗಳು ಬೊಟ್ಟಿಡ್ತಾಳ, ಒಳಗ ಬಿಡ್ತೀವಿ. ನಮ್ಮಪ್ಪ ಇನ್ನೂರು ಕುರಿ ಹಿಂಗ ಕಾದಾನ. ನಿಮ್ಮವು ಮೂರು ಕಂಪ್ಯೂಟರಾ."

"ಮತ್ತ ಬೊಟ್ಟೇ ಸುಳ್ಳಾದ್ರ?"

ಅವಳು ನನ್ನನ್ನು ಒಮ್ಮೆ ನೋಡಿದಳು. "ಕುರಿ ಕದಿಯಾವ್ರು ಇದ್ದಾರ್ರಿ. ಸುಳ್ಳು ಬೊಟ್ಟು ಇಡಾವ್ರು ನಮ್ಮಾಗ ಇಲ್ಲ."

ಈ ಮಾತು ನನಗೆ ಸವಾಲಿನ ಹಾಗೆ ಕೇಳಿಸಿತು. ಅವಳು ಸವಾಲು ಹಾಕಿರಲಿಲ್ಲ ಎಂದು ಈಗ ಗೊತ್ತು.

ಬೊಟ್ಟಿನ ಮೂಢನಂಬಿಕೆಯನ್ನು ವಿಜ್ಞಾನದಿಂದ ಮುರಿಯಬೇಕೆಂದು ಹೊರಟೆ. ನಾಲ್ಕು ದಿನ ಅಸೆಂಬ್ಲಿಯ ಜೊತೆ ಗುದ್ದಾಡಿದೆ. ಅದು ನಿಜ, ಅಷ್ಟು ಮಾತ್ರ ನಿಜ. ಹೊರಗಿನ ಮುದಿ ಕಂಪ್ಯೂಟರ್ ಪ್ರತಿ ಸಲವೂ ಕಣ್ಣು ಮೇಲೆ ಮಾಡಿ ಬೀಳುತ್ತಿತ್ತು. ಸಿ ಭಾಷೆಗೆ ಇಳಿದೆ. ನಾನು ಬರೆದದ್ದು ತನ್ನನ್ನು ತಾನೇ ಒಂದು ಸಲ ನಕಲು ಮಾಡಿಕೊಂಡು ಸುಸ್ತಾಗಿ ನಿಂತಿತು. ಕೊನೆಗೆ ಬ್ಯಾಚ್ ಫೈಲಿಗೆ ಬಂದೆ. ಒಂಬತ್ತು ಸಾಲು. ಮಕ್ಕಳು ಟೈಪಿಂಗ್ ಪಾಠ ಶುರುಮಾಡಲು ಒತ್ತುವ ಫೈಲಿನ ಹೆಸರನ್ನೇ ಇದಕ್ಕೂ ಇಟ್ಟೆ. ಒತ್ತಿದರೆ ತನ್ನಂಥ ಬ್ಯಾಚ್ ಫೈಲುಗಳನ್ನು ಮಾತ್ರ ಹುಡುಕಿ, ಅವುಗಳ ಮೇಲೆ ತನ್ನ ನಕಲು ಬರೆದು, 'ಹಟ್ಟಿಗೆ ತೋಳ ಬಂತು' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ತೋರಿಸಬೇಕು. ಯಾರಿಗೂ ನಷ್ಟವಿಲ್ಲದ ತಮಾಷೆ ಎಂಬುದು ನನ್ನ ಯೋಜನೆ. ಆದರೆ 'ಬ್ಯಾಚ್ ಫೈಲು ಮಾತ್ರ' ಎಂದು ಹೇಳಬೇಕಾದ ಕಡೆ ನಾನು ಅವಸರದಲ್ಲಿ 'ಎಲ್ಲ ಫೈಲು' ಎನ್ನುವ ಗುರುತು ಹಾಕಿದ್ದೆ. ಹಾಳೆಯಲ್ಲಿ ಅದು ಈಗಲೂ ಇದೆ, ಆರನೆಯ ಸಾಲಿನಲ್ಲಿ, ಒಂದು ನಕ್ಷತ್ರ.

ನೀಲಮ್ಮ ಕೆಳಗೆ ನೀರು ತರಲು ಹೋದಾಗ ಕರಟದಲ್ಲಿ ಬೆರಳು ಅದ್ದಿ ನನ್ನ ಫ್ಲಾಪಿಗೆ ಬೊಟ್ಟಿಟ್ಟೆ. ಒಳಗಿನ ಡಬ್ಬಿಯಲ್ಲಿ ಉಳಿದವುಗಳ ನಡುವೆ ಸೇರಿಸಿದೆ.

ಇಲ್ಲಿ ಆಯಿಯ ವಿಷಯ ಹೇಳಬೇಕು. ನೀಲಮ್ಮನ ಅಜ್ಜಿ. ಸಂತೆಯ ದಿನ ವನದುರ್ಗದಿಂದ ಬಸ್ಸಿಗೆ ಬಂದು, ಮಾಳಿಗೆ ಹತ್ತಿ, ಮೊಮ್ಮಗಳ ಪಕ್ಕದಲ್ಲಿ ಕುರ್ಚಿಯ ಮೇಲೆ ಕಾಲು ಮಡಿಚಿ ಕೂರುತ್ತಿದ್ದಳು. ಕಣ್ಣು ಮಂಜಾಗಿತ್ತು. ಬೀಸುಕಲ್ಲಿನ ಹಾಡುಗಳನ್ನು ಅವಳು ಹಾಡುತ್ತಿದ್ದಳು, ನೀಲಮ್ಮ ಬಾಯಿಂದ ಬಂದ ಹಾಗೆಯೇ ಟೈಪ್ ಮಾಡುತ್ತಿದ್ದಳು, ಒಂದು ಹಾಡಿಗೆ ಒಂದು ಫೈಲು. ಕೈ ತಿರುಗದಿದ್ದರೆ ಆಯಿಗೆ ಹಾಡು ಬರುತ್ತಿರಲಿಲ್ಲ. ಅದಕ್ಕೆ ಮೌಸನ್ನೇ ಹಿಡಿದು ಮೇಜಿನ ಮೇಲೆ ದುಂಡಗೆ ತಿರುಗಿಸುತ್ತಿದ್ದಳು. ತೆರೆಯ ಮೇಲೆ ಬಾಣದ ಗುರುತು ಗಿರಗಿರ ಸುತ್ತುತ್ತಿತ್ತು.

"ಇಷ್ಟೊತ್ತು ಬೀಸಿದ್ನಿ, ಒಂದು ಹಿಡಿ ಹಿಟ್ಟ ಬಿದ್ದಿಲ್ಲ ನೋಡು ಇದರಾಗ," ಎನ್ನುತ್ತಿದ್ದಳು.

ಹೀಗೆ ನಲವತ್ತೊಂದು ಹಾಡಾಗಿದ್ದವು. ಯಾವ ವಹಿಯಲ್ಲೂ ಅವು ಇರಲಿಲ್ಲ. ಆಯಿಯ ಬಾಯಲ್ಲಿ ಇದ್ದವು, ಆ ಕಂಪ್ಯೂಟರಿನಲ್ಲಿ ಇದ್ದವು, ಮತ್ತೆ ಒಂದು ಫ್ಲಾಪಿಯಲ್ಲಿ.

ನಾನು ಯಾವುದೋ ವಿದ್ಯಾರ್ಥಿಯ ಕಂಪ್ಯೂಟರಿನಲ್ಲಿ ತೋಳ ಬರಲಿ ಎಂದು ಕಾಯುತ್ತಿದ್ದೆ. ಅದು ಬಂದದ್ದು ಹಾಡಿನ ಕಂಪ್ಯೂಟರಿಗೆ. ಟೈಪಿಂಗ್ ಪಾಠ ಹಾಕಲು ನೀಲಮ್ಮ ಬೊಟ್ಟಿದ್ದ ಒಂದು ಫ್ಲಾಪಿಯನ್ನು ಡಬ್ಬಿಯಿಂದ ತೆಗೆದಳು, ಹಾಕಿದಳು, ಒತ್ತಿದಳು. ಆ ಮೇಲೆ ಮೊದಲ ಹಾಡಿನ ಫೈಲು ತೆರೆದರೆ ಹಾಡಿಲ್ಲ, ನನ್ನ ಒಂಬತ್ತು ಸಾಲು. ಎರಡನೆಯದು ತೆರೆದರೆ ಅದೇ ಒಂಬತ್ತು ಸಾಲು. ನಲವತ್ತೊಂದರಲ್ಲೂ ಅದೇ. ಹಾಡಿನ ಇನ್ನೊಂದು ಪ್ರತಿಯಿದ್ದ ಫ್ಲಾಪಿಯನ್ನಾದರೂ ನೋಡೋಣವೆಂದು ಅದನ್ನೂ ಅಲ್ಲೇ ಹಾಕಿ ತೆರೆಯಲು ಒತ್ತಿದೆವು, ಒತ್ತಿದ ಫೈಲಿನೊಳಗೂ ಆಗಲೇ ತೋಳ ಕೂತಿತ್ತು, ಅದಕ್ಕೆ ಉಳಿದ ಮರಿಯನ್ನೂ ಕೊಟ್ಟಂತಾಯಿತು. ಹಾಕಿ ನೋಡು ಎಂದವನು ನಾನೇ ಇರಬೇಕು. ನೀಲಮ್ಮ ತಾನೇ ಹಾಕಿದ್ದು ಅನ್ನುತ್ತಾಳೆ. ಇದೊಂದು ನನಗೆ ಇನ್ನೂ ಬಗೆಹರಿದಿಲ್ಲ.

ಬರೆದವನು ನಾನು ಎಂದು ಅಲ್ಲೇ ಒಪ್ಪಿಕೊಂಡೆ. ಅವಳು ಕೂಗಾಡಲಿಲ್ಲ. ಫ್ಲಾಪಿಯನ್ನು ಹೊರಗೆ ತೆಗೆದು ಬೊಟ್ಟನ್ನೇ ನೋಡುತ್ತಾ ನಿಂತಳು. "ಇದಕ್ಕ ನಾ ಹ್ಯಾಂಗ ಬೊಟ್ಟಿಟ್ಟೆ?" ಎಂದಳು. ಆಗ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅರ್ಧ ತಪ್ಪು ಒಪ್ಪಿಕೊಂಡವನ ಮುಖದಲ್ಲಿ ಎಂಥ ಪ್ರಾಮಾಣಿಕತೆ ಇರುತ್ತದೆ ಅಂತೀರಿ, ಉಳಿದರ್ಧವನ್ನು ಯಾರೂ ಕೇಳುವುದೇ ಇಲ್ಲ.

ಶಿಕ್ಷೆ ಮಾರನೆಯ ವಾರ ಶುರುವಾಯಿತು. "ಆಯಿ ಮತ್ತ ಹಾಡ್ತಾಳ. ಟೈಪ್ ನೀವು ಮಾಡ್ರಿ," ಎಂದಳು ನೀಲಮ್ಮ. ನನಗೆ ಕನ್ನಡ ಟೈಪಿಂಗ್ ಬರುತ್ತಿರಲಿಲ್ಲ. ಆಯಿ ಒಂದು ಸಾಲು ಹಾಡಿ, ನಾನು ಒತ್ತಕ್ಷರ ಹುಡುಕುವಷ್ಟರಲ್ಲಿ ಎಲೆ ಅಡಿಕೆ ಹಾಕಿಕೊಂಡು ಮುಗಿಸಿರುತ್ತಿದ್ದಳು. ಈಗ ಅವಳು ಸಂತೆಯ ದಿನವಷ್ಟೇ ಅಲ್ಲ, ವಾರಕ್ಕೆ ಮೂರು ದಿನ ಬಂದಳು.

"ಈ ಹುಡುಗ ಎಲ್ಲಿತನ ಓದ್ಯಾನ?"

"ಯುನಿವರ್ಸಿಟಿ, ಆಯಿ."

"ಮತ್ತ ಅಕ್ಷರಾ ಯಾಕ ಹುಡಕ್ತಾನ?"

ಎರಡನೆಯ ಸಲದ ಹಾಡುಗಳು ಮೊದಲಿನಂತಿರಲಿಲ್ಲ. ತಂಗಿಯನ್ನು ಕರೆಯಲು ಬರುವ ಅಣ್ಣನ ಹಾಡೊಂದಿತ್ತು. ಮೊದಲ ಸಲ ಅವನು ಕರಿಯ ಕಂಬಳಿ ಹೊದ್ದು ಬಂದಿದ್ದನಂತೆ. ಈ ಸಲ ಬರಿಮೈಯಲ್ಲಿ ಬಂದ. ನೀಲಮ್ಮ ತಡೆದಳು. ಆಯಿ ಮೌಸು ತಿರುಗಿಸುವುದನ್ನು ನಿಲ್ಲಿಸಲೇ ಇಲ್ಲ.

"ಆವಾಗ ಥಂಡಿ ಇತ್ತು. ಈ ಬಿಸಲಾಗ ಕಂಬಳಿ ಹೊತ್ಕೊಂಡು ಬರ್ತಾನೇನ ಅಂವಾ?"

"ಖರೇ ಯಾವುದ್ರಿ ಆಯಿ?" ಎಂದು ನಾನು ಕೇಳಿದೆ. ವಿಶ್ವವಿದ್ಯಾಲಯ ಕೇಳಿಸಿದ ಪ್ರಶ್ನೆ.

"ಅಣ್ಣ ಬಂದಾನಲ್ಲಪ. ಅದು ಖರೇ."

ಮೂರು ಹಾಡು ಅವಳಿಗೆ ಮತ್ತೆ ಬರಲೇ ಇಲ್ಲ. ಮೊದಲು ಇಲ್ಲದಿದ್ದ ಐದು ಎಲ್ಲಿಂದಲೋ ಬಂದವು. ರಜೆ ಮುಗಿಯುವಷ್ಟರಲ್ಲಿ ನನ್ನ ಬೆರಳುಗಳು ನೋಡದೆಯೇ ಕನ್ನಡ ಒತ್ತುತ್ತಿದ್ದವು. ಈಗ ನೀವು ಓದುತ್ತಿರುವುದನ್ನು ಒತ್ತಿರುವುದೂ ಆಯಿಯಿಂದ ಪಾಠ ಹೇಳಿಸಿಕೊಂಡ ಬೆರಳುಗಳೇ. ಒಬ್ಬರು ಹೇಳುವುದನ್ನು ಮುಗಿಯುವತನಕ ಕೇಳುವ ಅಭ್ಯಾಸ ನನಗೆ ಅಲ್ಲಿಯವರೆಗೆ ಇರಲಿಲ್ಲ. ಮೇಷ್ಟರ ಕೆಲಸಕ್ಕೆ ಬೇಕಾದ ಬೇರೆಲ್ಲವನ್ನೂ ಪುಸ್ತಕಗಳಿಂದ ಕಲಿತೆ, ಇದೊಂದನ್ನು ಆ ಮಾಳಿಗೆಯ ಮೇಲೆ. ಅಷ್ಟು ಕೊಟ್ಟವರಿಗೆ ನಾನು ಹಿಂದಿರುಗಿಸಿದ್ದು ಅರ್ಧ ನಿಜ.

ಫ್ಲಾಪಿಯನ್ನು ಜೇಬಿಗೆ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಹೊರಬಿದ್ದೆ. ನೀಲಮ್ಮ ಈಗ ಸುರಪುರದಲ್ಲಿದ್ದಾಳೆ. ಜನರ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಂಗಡಿ ಅವಳದು. ಯಾದಗಿರಿಯಿಂದ ಬಸ್ಸು ಭೀಮಾ ನದಿ ದಾಟಿ, ಶಹಾಪುರದಲ್ಲಿ ಅರ್ಧ ಗಂಟೆ ನಿಂತು, ಹತ್ತಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಹೋಗುವಷ್ಟರಲ್ಲಿ ನಾನು ಹೇಳಬೇಕಾದದ್ದನ್ನು ಹತ್ತು ಸಲ ತಿದ್ದಿದ್ದೆ. ಒಂದು ತಿದ್ದುಪಡಿಯಲ್ಲಿ ಬೊಟ್ಟಿನ ವಿಷಯವೇ ಬಿಟ್ಟುಹೋಗಿತ್ತು. ನೋಡಿ, ಮನಸ್ಸು ಹೇಗೆ ಕೆಲಸ ಮಾಡುತ್ತದೆ.

"ಬರ್ರಿ ಬರ್ರಿ. ನಮ್ಮ ಯುನಿವರ್ಸಿಟಿ ಬಂದಾನ," ಎಂದು ಸಾಲಿನಲ್ಲಿ ನಿಂತವರಿಗೆ ಪರಿಚಯಿಸಿದಳು. ಕನ್ನಡಕ ಬಂದಿತ್ತು, ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ಫ್ಲಾಪಿಯನ್ನು ಮೇಜಿನ ಮೇಲಿಟ್ಟೆ.

"ಇದನ್ನ ಇನ್ನೂ ಇಟ್ಟೀಯೇನು?" ನಕ್ಕಳು. ಬೊಟ್ಟನ್ನು ಉಗುರಿನಿಂದ ಮುಟ್ಟಿದಳು. "ನೆನಪದ ನೋಡು. ಅವತ್ತು ಆಯಿ ಬರೂ ಗಡಿಬಿಡಿ. ಒಂದು ಕೈಯಾಗ ನೀರಿನ ಕೊಡ ಹಿಡ್ಕೊಂಡು, ಇನ್ನೊಂದರಾಗ ಬೊಟ್ಟಿಟ್ಟಿದ್ನಿ. ತಪಾಸಣಿ ಮಾಡದ."

ಅವಳಿಗೆ ಅದು ನೆನಪಿತ್ತು. ಕೊಡದ ತೂಕ, ಕರಟಕ್ಕೆ ಬೆರಳದ್ದಿದ್ದು, ಎಲ್ಲ. ನಡೆಯದೇ ಇದ್ದ ಸಂಗತಿಯೊಂದು ಅವಳೊಳಗೆ ಇಷ್ಟು ವರ್ಷ ಬೆಳೆದು ನಿಂತಿತ್ತು. ನಾನು ಸುಮ್ಮನಿದ್ದದ್ದಕ್ಕೆ.

"ಆ ಬೊಟ್ಟು ನಂದು," ಎಂದೆ. "ನೀನು ನೀರಿಗಿ ಹೋದಾಗ ನಾ ಇಟ್ಟಿದ್ದು."

ಅವಳು ಕೈಯಲ್ಲಿದ್ದ ಅರ್ಜಿಯನ್ನು ಮುಗಿಸಿದಳು. ಅರ್ಜಿಗಾಗಿ ಬಂದಿದ್ದ ಮುದುಕನಿಗೆ ಪ್ರಿಂಟು ಕೊಟ್ಟು, ಎಲ್ಲಿ ಸಹಿ ಮಾಡಬೇಕೆಂದು ತೋರಿಸಿ, ಉಳಿದವರಿಗೆ ಒಂದು ತಾಸು ಬಿಟ್ಟು ಬರಲು ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀ ಅಸೆಂಬ್ಲಿ ಅಸೆಂಬ್ಲಿ ಅಂತ ಊರ ತುಂಬಾ ಹೇಳಿದಾವ. ನಿನ್ನ ಮಾತು ಹ್ಯಾಂಗ ನಂಬ್ಲಿ?"

ನ್ಯಾಯವಾದ ಪ್ರಶ್ನೆ. ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ. ಅವಳು ತನ್ನ ಉಂಗುರ ಬೆರಳನ್ನು ಬೊಟ್ಟಿನ ಮೇಲಿಟ್ಟು ನೋಡಿದಳು. ಬೆರಳಿನ ಸುತ್ತ ಕೆಂಪು ಉಳಿಯಿತು. "ನಿಂದು ಇಡು," ಎಂದಳು. ಹೆಬ್ಬೆರಳಿಟ್ಟೆ. ಕೆಂಪು ಪೂರ್ತಿ ಮುಚ್ಚಿತು. ಹೆಬ್ಬೆರಳಿನಿಂದ ಇಟ್ಟಿದ್ದೆನೆಂಬುದು ನನಗೂ ಆಗಲೇ ಗೊತ್ತಾದದ್ದು.

ಅವಳು ಫ್ಲಾಪಿಯನ್ನು ನನ್ನ ಕಡೆ ಸರಿಸಿದಳು. "ತಪ್ಪು ನಂದು ಅಂತ ಆಯಿಗಿ ಹೇಳಿದ್ನಿ. ಅಕಿ ಹೋಗೂತನ ಹಂಗ ತಿಳ್ಕೊಂಡಿದ್ಲು. ಅವತ್ತಿಂದ ಹಟ್ಟಿಯಾಗ ಬೊಟ್ಟಿಡಾಕ ಕರದ್ರ ನಾ ಹೋಗಂಗಿಲ್ಲ. ನನ್ನ ಕೈ ಬ್ಯಾಡ ಅಂತೀನಿ. ತಮ್ಮನ ಹೆಣ್ತಿ ಇಡ್ತಾಳ."

ಕ್ಷಮಿಸು ಎಂಬುದನ್ನು ಬಸ್ಸಿನಲ್ಲಿ ಹತ್ತು ಸಲ ಬರೆದಿದ್ದೆ, ಆಗ ಒಂದೂ ನೆನಪಿಗೆ ಬರಲಿಲ್ಲ.

"ನಾಳಿ ವನದುರ್ಗಕ್ಕ ಬಾ," ಎಂದಳು. "ತಮ್ಮ ಹೊಸಾ ಟಗರ ತಂದಾನ. ಹದಿನೈದು ದಿನ ನಾಳಿಗಿ ಮುಗೀತಾವ."

ಹೋದೆ. ಆ ರಾತ್ರಿ ಸುರಪುರದಲ್ಲೇ ಉಳಿದು ಬೆಳಿಗ್ಗೆ ಹೊರಟಿದ್ದೆ. ಹಟ್ಟಿಯ ಮುಳ್ಳುಬೇಲಿಯ ಹೊರಗೆ ಟಗರು ಕಟ್ಟಿತ್ತು. ನೀಲಮ್ಮ ಅದರ ಮೂಗು ನೋಡಿದಳು, ಕಣ್ಣಿನ ಕೆಳಗಿನ ತೊಗಲು ಜಗ್ಗಿ ನೋಡಿದಳು, ಗೊರಸಿನ ಸಂದು ನೋಡಿದಳು. ಅವಳ ತಮ್ಮನ ಹೆಂಡತಿ ಹುರಮಂಜಿನ ಬಟ್ಟಲು ತಂದು ರೂಢಿಯಂತೆ ತಾನೇ ಬೆರಳದ್ದಲು ಹೋದಳು.

"ತಾ ಇಲ್ಲಿ. ಇಂವ ಹಿಡೀತಾನ."

"ಯಾಕ್ರಿ ಅಕ್ಕಾ, ಇಷ್ಟು ವರ್ಷಕ್ಕ ಇವತ್ತು?"

"ನನ್ನ ಬೆರಳು ನನಗ ತಿರುಗಿ ಸಿಕ್ತು," ಎಂದಳು ನೀಲಮ್ಮ.

ನಾನು ಬಟ್ಟಲು ಹಿಡಿದು ನಿಂತೆ. ಅವಳು ಉಂಗುರ ಬೆರಳು ಅದ್ದಿ, ಒಂದು ಕ್ಷಣ ಗಾಳಿಯಲ್ಲೇ ಹಿಡಿದು, ಟಗರಿನ ಎರಡು ಕೊಂಬಿನ ನಡುವೆ ಇಟ್ಟಳು. ಬಿಟ್ಟರು. ಅದು ಅವಸರ ಮಾಡದೆ ಹಟ್ಟಿಯೊಳಗೆ ಹೋಗಿ ಉಳಿದವುಗಳಲ್ಲಿ ಸೇರಿತು. ಸ್ವಲ್ಪ ಹೊತ್ತಿಗೆ ಯಾವುದು ಹೊಸದೆಂದು ನನಗೆ ತಿಳಿಯದಾಯಿತು. ಅವಳಿಗೆ ತಿಳಿಯುತ್ತಿತ್ತು. ಹೊರಡುವಾಗ ಅವಳು ನನ್ನ ಮೊಬೈಲಿಗೆ ಹಾಡುಗಳನ್ನು ಕಳಿಸಿದಳು, ನಾನು ಟೈಪ್ ಮಾಡಿದ ನಲವತ್ತಮೂರನ್ನೂ, ನನ್ನ ಕಾಗುಣಿತದ ತಪ್ಪುಗಳ ಸಮೇತ. "ಇವನ್ನ ತಿದ್ದಿಲ್ಲ, ಹಂಗ ಇರ್ಲಿ," ಎಂದಳು. "ಯುನಿವರ್ಸಿಟಿ, ನೀ ಬಂದಿ. ಅದು ಖರೇ."

ಸಂಜೆ ಮನೆ ಮುಟ್ಟಿದಾಗ ಹೊಸ್ತಿಲು ಒಣಗಿ ಕೆಂಪಗೆ ಹೊಳೆಯುತ್ತಿತ್ತು. ಅಣ್ಣನ ಮಗಳು ವಹಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

"ಕಾಕಾ, ಎಲ್ಲಾ ಬರದೀನಿ. ಕಡೀಕ ನಿಂದು ಹಾಕ್ಲೇನು? ಅಸೆಂಬ್ಲಿ ಅಂತ?"

"ಬ್ಯಾಚ್ ಫೈಲ್ ಅಂತ ಹಾಕು. ಒಂಬತ್ತು ಸಾಲು."

ಅವಳ ಮುಖ ಸಣ್ಣದಾಯಿತು. "ಅಷ್ಟನ?"

ನನ್ನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬಟ್ಟಲಿನ ಕೆಂಪು ಇನ್ನೂ ಉಳಿದಿತ್ತು. ಒಳಗೆ ಬಂದು ಕೂರಲು ಹೇಳಿದೆ. ಹೆಂಡತಿ ಅಡುಗೆಮನೆಯಿಂದ, "ಮತ್ತ ಅದಾ ಕತಿ?" ಎಂದಳು.

ಅದೇ ಕತೆ. ಈ ಸಲ ಬೊಟ್ಟಿನಿಂದ ಶುರುಮಾಡಿದೆ.